ಆಟದೊಳಗೊಂದು ವಾದ್ಯಗೋಷ್ಠಿ

ಜುಲೈ ತಿಂಗಳ ಮೂಡಿಗೆರೆ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ಅಂಥ ಒಂದು ಸಂಜೆ ಅಕ್ಕನ ಮನೆಯಲ್ಲಿದ್ದೆ. ಅವಳ ಮಗ ಕಂಪ್ಯೂಟರ್ ಮುಂದೆ ಕೂತು ಆನ್‌ಲೈನ್ ಆಟ ಆಡುತ್ತಿದ್ದ. ಕತ್ತಿ, ಯುದ್ಧ ಏನೂ ಕಾಣಲಿಲ್ಲ. ನಾಲ್ಕು ಜನ ಬೆಂಕಿಯ ಸುತ್ತ ನಿಂತು ವಾದ್ಯ ನುಡಿಸುತ್ತಿದ್ದರು. ಮಾತಾಡಿಸಿದೆ. "ಮಾವ, ಒಂದ್ನಿಮಿಷ ಇರಿ, ಈ ಹಾಡು ಮುಗೀಲಿ" ಅಂದ. ನಾಲ್ವರಲ್ಲಿ ಒಬ್ಬ ಇವನು, ಇನ್ನೊಬ್ಬ ಹಾಸನದ ಗೆಳೆಯ. ಉಳಿದಿಬ್ಬರ ಮುಖವನ್ನು ಇವನು ನೋಡಿದ್ದೇ ಇಲ್ಲವಂತೆ.

ಅದು 2007ರಲ್ಲಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್'. ಎಲ್ಲೆಲ್ಲಿಯವರೋ ವೇಷ ತೊಟ್ಟು ಒಂದೇ ಲೋಕದಲ್ಲಿ ಓಡಾಡುವ ಆಟ. ಇದರಲ್ಲಿ ಲ್ಯೂಟ್ ಎಂಬ ತಂತಿವಾದ್ಯ, ಕೊಳಲು, ಡ್ರಮ್ಮು ನುಡಿಸಬಹುದು. ಹಾಡು ಬರೆಯುವುದು ಎಬಿಸಿ ಎಂಬ ಲಿಪಿಯಲ್ಲಿ. ನಮ್ಮ ಸಂಗೀತದ ಮೇಷ್ಟ್ರು ಸ ರಿ ಗ ಮ ಬರೆದು, ಸ್ವರ ಎಳೆಯುವ ಕಡೆ ಅಲ್ಪವಿರಾಮ ಹಾಕುತ್ತಾರಲ್ಲ, ಹಾಗೇ. ಇಲ್ಲಿ ಇಂಗ್ಲಿಷ್ ಅಕ್ಷರಗಳು. ದೊಡ್ಡ ಅಕ್ಷರವೆಂದರೆ ಕೆಳಗಿನ ಸ್ಥಾಯಿ, ಚಿಕ್ಕ ಅಕ್ಷರವೆಂದರೆ ಮೇಲಿನದು. ಪಕ್ಕದಲ್ಲಿ 2 ಬರೆದರೆ ಸ್ವರ ಎರಡರಷ್ಟು ಹೊತ್ತು ನಿಲ್ಲುತ್ತದೆ. ಝಡ್ ಬರೆದರೆ ಮೌನ. ಅವನ ಫೈಲ್ ತೆರೆದು ನೋಡಿದೆ. ಊರ ಸುಗ್ಗಿಯಲ್ಲಿ ಕೇಳಿದ ಡೋಲಿನ ಪೆಟ್ಟುಗಳನ್ನು ಹುಡುಗ ಒಂದು ಪುಟ ಅಕ್ಷರಗಳಲ್ಲಿ ಬರೆದಿಟ್ಟಿದ್ದ.

ಇದರಲ್ಲೊಂದು ಜಾಣತನ ಇದೆ. ಇಂಟರ್ನೆಟ್‌ನಲ್ಲಿ ಸದ್ದು ಹೋಗುವುದಿಲ್ಲ, ಯಾವ ಸ್ವರ ಎನ್ನುವ ಸುದ್ದಿ ಮಾತ್ರ ಹೋಗುತ್ತದೆ. ವಾದ್ಯದ ಸದ್ದು ಕೇಳುವವರ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಮಲೆನಾಡಿನ ನಿಧಾನದ ನೆಟ್ ಕೂಡ ಸಾಕು.

ಕಷ್ಟ ಇರುವುದು ತಾಳದಲ್ಲಿ. ಇಂಟರ್ನೆಟ್‌ನ ಸುದ್ದಿ ದೂರ ಹೋಗುವುದು ಗಾಜಿನ ಎಳೆಯೊಳಗೆ ಬೆಳಕಾಗಿ; ಅಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 10,000 ಕಿ.ಮೀ. ಆಚೆಯ ಸರ್ವರ್‌ಗೆ, ಅಂದರೆ ಆಟ ನಡೆಸುವ ಕಂಪ್ಯೂಟರಿಗೆ, ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ತಾಳ ತಪ್ಪಲು ಅಷ್ಟು ಸಾಕು. ಅದಕ್ಕೇ ಎಲ್ಲರೂ ತಮ್ಮ ತಮ್ಮ ಪಾಲಿನ ಫೈಲ್ ಸಿದ್ಧ ಮಾಡಿಕೊಂಡು ಕಾಯುತ್ತಾರೆ. ಒಬ್ಬರು 'ಶುರು' ಎಂದು ಆಜ್ಞೆ ಕೊಟ್ಟ ಕೂಡಲೇ ಎಲ್ಲ ವಾದ್ಯಗಳೂ ಒಟ್ಟಿಗೆ ಹೊರಡುತ್ತವೆ.

ಇಷ್ಟೆಲ್ಲ ಮಾಡಿದ್ದಕ್ಕೆ ಗೆಲುವಿಲ್ಲ. ಆದರೂ 2009ರಲ್ಲಿ ಆಟಗಾರರೇ ಸೇರಿ ಆಟದೊಳಗಿನ ಒಂದು ಗುಡ್ಡದಲ್ಲಿ 'ವೆದರ್‌ಸ್ಟಾಕ್' ಎಂಬ ಸಂಗೀತದ ಜಾತ್ರೆ ಶುರು ಮಾಡಿದರು. ಕಾನ್‌ಸ್ಟನ್ಸ್ ಸ್ಟೈನ್‌ಕೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ ಎಂಬ ಸಂಶೋಧಕರು 2006ರಲ್ಲಿ ಇಂಥ ಆಟಗಳನ್ನು 'ಮೂರನೇ ಜಾಗ' ಎಂದರು. ಮನೆ ಒಂದು, ಕೆಲಸದ ಜಾಗ ಎರಡು, ಸುಮ್ನೆ ಸೇರಿ ಹರಟುವ ಜಾಗ ಮೂರು. ನಮಗದು ಅರಳಿಕಟ್ಟೆ. ಬೇರೆ ಬೇರೆ ಬಗೆಯ ಜನರ ಪರಿಚಯ ಇಲ್ಲಿ ಜಾಸ್ತಿ, ಗಾಢ ನೆಂಟು ಕಡಿಮೆ ಎಂಬುದು ಅವರ ಮಾತು. ಒಟ್ಟಿಗೆ ಹಾಡು ಕಟ್ಟಿದವರ ವಿಷಯದಲ್ಲಿ ನಾನದನ್ನು ಪೂರ್ತಿ ಒಪ್ಪುವುದಿಲ್ಲ.

ಅವತ್ತು ಹಾಡಿನ ನಡುವೆಯೇ ಕರೆಂಟು ಹೋಯಿತು. ಬಂದದ್ದು ಮುಕ್ಕಾಲು ಗಂಟೆ ಬಿಟ್ಟು. ಹುಡುಗ ಓಡಿಹೋಗಿ ಆಟ ತೆರೆದ. ಬೆಂಕಿಯ ಹತ್ತಿರ ಮೂವರೂ ಹಾಗೇ ನಿಂತಿದ್ದರು. ಹಾಸನದ ಗೆಳೆಯ ಚಾಟ್‌ನಲ್ಲಿ ಒಂದೇ ಸಾಲು ಬರೆದಿದ್ದ: "ಡೋಲಿಲ್ದೆ ಹೆಂಗ್ ಶುರು ಮಾಡೋದು, ಬೇಗ ಬಾರೋ."