ಅರ್ಗಾನ್ ಎಣ್ಣೆಯಲ್ಲಿ ಆಡಿನ ಪಾಲೆಷ್ಟು?

ಪ್ರಶ್ನೆ: ಶಾಂಪೂ ಬಾಟಲಿಗಳ ಮೇಲೆಲ್ಲ ಈಗ ಅರ್ಗಾನ್ ಎಣ್ಣೆಯ ಹೆಸರು. ಮೊರಾಕ್ಕೋದಲ್ಲಿ ಆಡುಗಳು ಮರ ಹತ್ತಿ ಕಾಯಿ ತಿಂದು, ಹಿಕ್ಕೆಯಲ್ಲಿ ಹಾಕಿದ ಬೀಜದಿಂದ ಅದನ್ನು ತೆಗೆಯುತ್ತಾರೆ ಎಂದು ಓದಿದೆ. ನಿಜವೇ? ಅಷ್ಟು ದುಬಾರಿ ಆಗಿರುವುದು ಅದಕ್ಕೇನಾ?

ಉತ್ತರ: ಆಡು ಮರ ಹತ್ತುವುದು ನಿಜ. ಹಿಕ್ಕೆಯ ಮಾತು ಸುಳ್ಳು. ದುಬಾರಿಯಾಗಲು ಕಾರಣ ಆಡಲ್ಲ, ಕಲ್ಲಿನಿಂದ ಒಂದೊಂದೇ ವಾಟೆ ಒಡೆಯುವ ಹೆಂಗಸರ ದುಡಿಮೆ.

ಅರ್ಗಾನ್ ಬೆಳೆಯುವುದು ಮೊರಾಕ್ಕೋದ ನೈಋತ್ಯ ಮೂಲೆಯಲ್ಲಿ, ಎಸ್ಸೌಯಿರಾ, ಅಗಾದೀರ್, ತಾರೂದಾಂತ್, ತಿಜ್ನಿತ್ ಸುತ್ತಮುತ್ತ. ಒಟ್ಟು ಸುಮಾರು 8 ಲಕ್ಷ ಹೆಕ್ಟೇರ್. ಅಲ್ಲಿನ ಹಳ್ಳಿಗರು ತಶೆಲ್ಹಿತ್ ಮಾತಾಡುವ ಅಮಾಝಿಗರು. ಹೊರಗಿನವರು ಬರ್ಬರರು ಎಂದು ಕರೆಯುವುದು ಇವರನ್ನೇ. ಈ ಮರ ನಮ್ಮ ಹಿಪ್ಪೆ, ಸಪೋಟ, ರಂಜಲು ಮರಗಳ ಕುಟುಂಬದ್ದೇ. ಆದರೆ ಮೈತುಂಬ ಮುಳ್ಳು, ಕಾಂಡ ಗಂಟುಗಂಟು. ಮಳೆ ಕೈಕೊಟ್ಟ ವರ್ಷ ಎಲೆ ಉದುರಿಸಿ ಸುಮ್ಮನಿದ್ದು, ನೀರು ಕಂಡಾಗ ಮತ್ತೆ ಚಿಗುರುತ್ತದೆ. ಮರಗಳ ನಡುವೆ ಸಿಕ್ಕ ಜಾಗದಲ್ಲೇ ಬಾರ್ಲಿ ಬಿತ್ತುತ್ತಾರೆ. ಎಣ್ಣೆ, ಮೇವು, ಸೌದೆ, ಹೊಲ ಎಲ್ಲವೂ ಒಂದೇ ನೆಲದಲ್ಲಿ ಇರುವುದರಿಂದ ಇದನ್ನು ಕಾಡು ಎನ್ನುವುದಕ್ಕಿಂತ ಬೇಸಾಯದ ಭೂಮಿ ಎನ್ನುವುದೇ ಸರಿ.

ಆಡುಗಳು ಕಾಯಿಯ ಹೊರತಿರುಳು ತಿನ್ನುತ್ತವೆ. ಒಳಗಿನ ವಾಟೆ ದೊಡ್ಡದು, ಕಲ್ಲಿನಷ್ಟು ಗಟ್ಟಿ. ಸ್ಪೇನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಡುಗಳು ಮೆಲುಕು ಹಾಕುವಾಗ ಇಂಥ ವಾಟೆಗಳನ್ನು ಬಾಯಿಂದಲೇ ಉಗುಳುತ್ತವೆ. ದೊಡ್ಡಿಯಲ್ಲಿ ಹೀಗೆ ಬಿದ್ದದ್ದನ್ನು ಹಿಂದೆ ಮನೆಬಳಕೆಯ ಎಣ್ಣೆಗೆ ಆರಿಸಿಕೊಳ್ಳುತ್ತಿದ್ದದ್ದು ಹೌದು, ಏಕೆಂದರೆ ಸಿಪ್ಪೆ ಸುಲಿಯುವ ಕೆಲಸ ತಪ್ಪುತ್ತಿತ್ತು. ತೊಂದರೆ ಏನೆಂದರೆ ಎಣ್ಣೆಗೂ ಆಡಿನ ವಾಸನೆ ಹತ್ತುತ್ತದೆ. ಮಾರಾಟದ ಎಣ್ಣೆ ಮಾಡುವ ಸಹಕಾರ ಸಂಘಗಳು ಅಂಥ ವಾಟೆಯನ್ನು ಒಪ್ಪುವುದಿಲ್ಲ. ಇನ್ನು ಮರಾಕೆಶ್–ಎಸ್ಸೌಯಿರಾ ರಸ್ತೆಬದಿಯ ಮರದಲ್ಲಿ ಹತ್ತಾರು ಆಡುಗಳು ಗೊಂಬೆಗಳಂತೆ ನಿಂತ ಚಿತ್ರಗಳು ಬಹಳ ಓಡಾಡುತ್ತವೆ. ಅವುಗಳಲ್ಲಿ ಎಷ್ಟೋ ಪ್ರವಾಸಿಗರಿಂದ ಕಾಸು ಪಡೆಯಲು ಆಡುಗಳನ್ನು ಹತ್ತಿಸಿ ನಿಲ್ಲಿಸಿದ್ದು. ಅದನ್ನು ನೋಡಿ ಎಣ್ಣೆಯ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ಕಾಯಿ ಮಾಗುವ ಕಾಲಕ್ಕೆ ಆಡುಗಳಿಗೆ ಮರದ ಹತ್ತಿರ ಹೋಗಲೂ ಬಿಡುವುದಿಲ್ಲ. ಇದು ಅಗ್ದಾಲ್ ಎಂಬ ಕಟ್ಟುಪಾಡು. ಬೇಸಿಗೆ ಶುರುವಾಗುತ್ತಿದ್ದಂತೆ ಗೊತ್ತುಪಡಿಸಿದ ಜಾಗಕ್ಕೆ ಜಾನುವಾರು ಬಿಡುವುದೂ ಕಾಯಿ ಆಯುವುದೂ ನಿಷಿದ್ಧ. ಕಲ್ಲು ಜೋಡಿಸಿ ಇಲ್ಲವೇ ಮುಳ್ಳುಕೊಂಬೆ ಇಟ್ಟು ಗಡಿ ಗುರುತಿಸುತ್ತಾರೆ. ಬೇಸಿಗೆಯ ಕೊನೆಗೆ, ಕಾಯಿ ತಾನಾಗಿ ಉದುರಿದ ಮೇಲೆ, ಇಂಥ ದಿನದಿಂದ ಆಯಬಹುದು ಎಂದು ಸಾರುತ್ತಾರೆ. ಯಾವ ಮರದ ಕಾಯಿ ಯಾವ ಮನೆಗೆ ಎಂಬುದು ತಲೆಮಾರುಗಳಿಂದ ನಿಗದಿಯಾಗಿರುತ್ತದೆ. ಕಾನೂನಿನ ಪ್ರಕಾರ ಕಾಡು ಸರ್ಕಾರದ್ದು; ಕಾಯಿ ಆಯುವ, ಮೇಯಿಸುವ, ಒಣಸೌದೆ ತರುವ, ಮರದಡಿ ಉಳುವ ಹಕ್ಕು ಊರವರದ್ದು. ಫ್ರೆಂಚರ ಆಳ್ವಿಕೆಯಲ್ಲಿ 1925ರಲ್ಲಿ ಹೊರಟ ಆಜ್ಞೆ ಈ ಹಕ್ಕುಗಳನ್ನು ಬರಹಕ್ಕಿಳಿಸಿತು.

ಆಯುವಾಗ ಕೋಲಿನಿಂದ ಬಡಿಯಬಾರದು. ಈ ಮರದಲ್ಲಿ ಹೂವಿನಿಂದ ಹಣ್ಣಾಗಲು ಒಂಬತ್ತು ತಿಂಗಳಿಂದ ಒಂದು ವರ್ಷಕ್ಕೂ ಹೆಚ್ಚು ಬೇಕು. ಬಡಿದರೆ ಮುಂದಿನ ಫಸಲಿನ ಮೊಗ್ಗು, ಎಳೆಗಾಯಿಗಳೂ ಉದುರುತ್ತವೆ. ಬಲಿಯದ ಕಾಯಿಯಲ್ಲಿ ಎಣ್ಣೆಯೂ ಕಡಿಮೆ. ಉದುರಿದ್ದನ್ನು ಮಾತ್ರ ಆರಿಸಿ, ಸಿಪ್ಪೆ ಸುಕ್ಕಾಗಿ ಕಂದು ಬಣ್ಣಕ್ಕೆ ತಿರುಗುವವರೆಗೆ ಬಿಸಿಲಿಗೆ ಹರಡುತ್ತಾರೆ. ಸರಿಯಾಗಿ ಒಣಗಿದ ಕಾಯಿ ಒಡೆಯದೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಹಳ್ಳಿಯ ಮನೆಗೆ ಅದು ಕೂಡಿಟ್ಟ ಹಣವೇ. ಮದುವೆಗೋ ಆಸ್ಪತ್ರೆಗೋ ಬೇಕಾದಾಗ ಒಂದು ಚೀಲ ವಾರದ ಸಂತೆಗೆ ಹೋಗುತ್ತದೆ. ತೇವ ಉಳಿದಿದ್ದರೆ ಮಾತ್ರ ಬೂಷ್ಟು ಹಿಡಿದು ಇಡೀ ಚೀಲ ಹಾಳು.

ಒಣಸಿಪ್ಪೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ದನ, ಆಡುಗಳಿಗೆ ಹಾಕುತ್ತಾರೆ. ಆಮೇಲೆ ಬರುವುದೇ ಕಷ್ಟದ ಕೆಲಸ. ಮುಂದೆ ಒಂದು ಚಪ್ಪಟೆ ಕಲ್ಲು, ಕೈಯಲ್ಲಿ ಇನ್ನೊಂದು. ವಾಟೆಯನ್ನು ಎರಡು ಬೆರಳಲ್ಲಿ ಅದರ ಜೋಡಣೆಯ ಗೆರೆ ಮೇಲೆ ಬರುವಂತೆ ನಿಲ್ಲಿಸಿ ಒಂದೇ ಪೆಟ್ಟು. ಒಳಗೆ ಬಾದಾಮಿಯನ್ನು ಹೋಲುವ ಒಂದರಿಂದ ಮೂರು ಚಿಕ್ಕ ಬೀಜ. ಪೆಟ್ಟು ಜೋರಾದರೆ ಬೀಜ ನುಚ್ಚಾಗುತ್ತದೆ. ನುಚ್ಚಿಗೆ ಗಾಳಿ ತಾಗಿ ಬೇಗ ಕಮಟು ಹತ್ತುತ್ತದೆ. ಗಾತ್ರ, ಆಕಾರ ಒಂದೇ ಇರದ ಕಾರಣ ಯಂತ್ರಕ್ಕೆ ಈ ಅಂದಾಜು ಸಿಗುವುದಿಲ್ಲ. ಸಿಪ್ಪೆ ಸುಲಿಯಲು, ಎಣ್ಣೆ ಹಿಂಡಲು ಯಂತ್ರ ಬಂದು ಬಹಳ ಕಾಲವಾದರೂ ವಾಟೆ ಒಡೆಯುವುದು ಇಂದಿಗೂ ಹೆಚ್ಚಾಗಿ ಕೈಯಲ್ಲೇ.

ಲೆಕ್ಕ ನೋಡಿ. 100 ಕೆ.ಜಿ. ಒಣಕಾಯಿ ಒಡೆದರೆ ಬೀಜ ಸಿಗುವುದು ಸುಮಾರು 6 ಕೆ.ಜಿ. ಕೈಯಲ್ಲಿ ಹಿಂಡಿ ಒಂದು ಲೀಟರ್ ಎಣ್ಣೆ ತೆಗೆಯಲು ಸುಮಾರು ಎರಡೂವರೆ ಕೆ.ಜಿ. ಬೀಜ, ಅಂದರೆ 40 ಕೆ.ಜಿ.ಯ ಹತ್ತಿರ ಕಾಯಿ ಬೇಕು. ಪಳಗಿದ ಹೆಂಗಸು ದಿನವಿಡೀ ಕೂತರೆ ಒಡೆಯುವುದು ಒಂದು, ಒಂದೂವರೆ ಕೆ.ಜಿ. ಬೀಜ. ಒಂದು ಲೀಟರಿಗೆ ಒಡೆಯುವುದೊಂದೇ ಸುಮಾರು ಎರಡು ದಿನದ ಕೆಲಸ! ಆಯುವುದು, ಒಣಗಿಸುವುದು, ಬೀಸುವುದು ಇದರಲ್ಲಿ ಸೇರಿಲ್ಲ.

ಅಡುಗೆ ಎಣ್ಣೆಗಾದರೆ ಬೀಜವನ್ನು ಮಣ್ಣಿನ ಹೆಂಚಿನಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಕಡಿಮೆಯಾದರೆ ಘಮ ಏಳುವುದಿಲ್ಲ, ಕರಕಲಾದರೆ ಎಣ್ಣೆ ಕಹಿ. ಮೈಗೆ, ತಲೆಗೆ ಹಚ್ಚುವ ಎಣ್ಣೆಗೆ ಹುರಿಯುವುದೇ ಇಲ್ಲ. ಅದಕ್ಕೇ ಅದರ ಬಣ್ಣ ತಿಳಿ, ವಾಸನೆಯೂ ಕಡಿಮೆ. ಹುರಿದದ್ದನ್ನು ಅಝೆರ್ಗ್ ಎಂಬ ಬೀಸುವ ಕಲ್ಲಿಗೆ ಹಾಕಿದರೆ ಕಂದು ಬಣ್ಣದ ಗಟ್ಟಿ ಹಿಟ್ಟು ಇಳಿಯುತ್ತದೆ. ಅದಕ್ಕೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸಿ ನಾದುತ್ತಾ ಹೋದರೆ, ಒಂದು ಹಂತದಲ್ಲಿ ಹಿಟ್ಟು ಗಟ್ಟಿಯಾಗಿ ಎಣ್ಣೆ ಬಿಟ್ಟುಕೊಡುತ್ತದೆ. ನೀರನ್ನು ಒಮ್ಮೆಲೇ ಸುರಿದರೆ ಎಣ್ಣೆ, ನೀರು, ಹಿಟ್ಟು ಕಲೆತು ಬೇರೆಯಾಗುವುದಿಲ್ಲ. ಬಂದ ಎಣ್ಣೆಯನ್ನು ಇಟ್ಟು ತಿಳಿಯಾಗಿಸಿ ಬಸಿಯುತ್ತಾರೆ. ಹಿಂಡಿ ಜಾನುವಾರಿಗೆ, ವಾಟೆಯ ಚಿಪ್ಪು ಒಲೆಗೆ. ಹಿಪ್ಪೆ ಹಿಂಡಿಯ ಕಹಿ ಬಲ್ಲವರಿಗೆ ಅರ್ಗಾನ್ ಹಿಂಡಿ ಹೊಸದೆನಿಸದು. ಎರಡರಲ್ಲೂ ಇರುವುದು ಸಪೋನಿನ್ ಎಂಬ ಕಹಿ ಅಂಶ.

ಈ ಕೈಯೆಣ್ಣೆಯ ರುಚಿಯನ್ನು ಹೊಗಳುವವರು ಬಹಳ, ಆದರೆ ಬಾಳಿಕೆ ಕಮ್ಮಿ. ನಾದುವಾಗ ಸೇರಿದ ನೀರಿನ ಪಸೆಯಿಂದ ಬೇಗ ಕೆಡುತ್ತದೆ. ಯಂತ್ರದ ಗಾಣಕ್ಕೆ ನೀರು ಬೇಕಿಲ್ಲ. ಎಣ್ಣೆಯೂ ಹೆಚ್ಚು ಬರುತ್ತದೆ, ಒಂದು ವರ್ಷಕ್ಕೂ ಮೀರಿ ಇಡಬಹುದು. ಪೇಟೆಯ ಬಾಟಲಿಯಲ್ಲಿರುವುದು ಬಹುಪಾಲು ಇದೇ, ಮತ್ತು ಕೊಳ್ಳುವವರಿಗೆ ಅದೇ ಒಳ್ಳೆಯದು. ರಬಾತಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪ್ರಾಧ್ಯಾಪಕಿಯಾಗಿದ್ದ ಝುಬೈದಾ ಶರ್ರೂಫ್ 1996ರಲ್ಲಿ ತಮನಾರ್ ಎಂಬಲ್ಲಿ ಹೆಂಗಸರ ಮೊದಲ ಅರ್ಗಾನ್ ಸಹಕಾರ ಸಂಘ ಕಟ್ಟಿದ ಮೇಲೆ ಇಂಥ ಸಂಘಗಳು ಬೆಳೆದವು. ಹಾಗೆಂದು ಬೆಲೆಯೆಲ್ಲ ಅವರ ಕೈಗೆ ಸೇರುತ್ತದೆ ಎಂದುಕೊಳ್ಳಬೇಡಿ. ಸಂತೆಯಲ್ಲಿ ಕಾಯಿ ಕೊಂಡು ದಾಸ್ತಾನು ಮಾಡುವ ದಲ್ಲಾಳಿ, ಬೀಜವನ್ನೋ ಎಣ್ಣೆಯನ್ನೋ ಸಗಟಾಗಿ ಒಯ್ಯುವ ಕಂಪನಿ, ಇವರ ಲಾಭ ತೆಗೆದ ಮೇಲೆ ಉಳಿಯುವುದು ಒಡೆದವಳ ಕೂಲಿ.

ಕೊಳ್ಳುವವರಿಗೆ ಎರಡು ಮಾತು. ಶಾಂಪೂವಿನ ಹಿಂಬದಿಯ ಪಟ್ಟಿಯಲ್ಲಿ 'ಅರ್ಗಾನಿಯಾ ಸ್ಪಿನೋಸಾ ಕರ್ನಲ್ ಆಯಿಲ್' ಎಲ್ಲಿದೆ ನೋಡಿ. ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆಯುವುದು ವಾಡಿಕೆ. ಸುವಾಸನೆ, ಬಣ್ಣಗಳ ನೆರೆಯಲ್ಲಿ ಕೊನೆಗಿದ್ದರೆ ಅದು ಹೆಸರಿಗೆ ಹಾಕಿದ ಹನಿ. ಬರೀ ಎಣ್ಣೆ ಕೊಳ್ಳುವುದಾದರೆ, ಸೂರ್ಯಕಾಂತಿಯಂಥ ಅಗ್ಗದ ಎಣ್ಣೆ ಬೆರೆಸಿದ್ದನ್ನು ಮೂಗಿನಿಂದ ಪತ್ತೆ ಮಾಡುವುದು ಕಷ್ಟ. ಪ್ರಯೋಗಾಲಯದವರು ನೋಡುವುದು ಕ್ಯಾಂಪೆಸ್ಟೆರಾಲ್ ಎಂಬ ಅಂಶವನ್ನು. ಅಪ್ಪಟ ಅರ್ಗಾನ್‌ನಲ್ಲಿ ಅದು ತೀರಾ ಅಲ್ಪ, ಬೇರೆ ಎಣ್ಣೆ ಸೇರಿದರೆ ಏರುತ್ತದೆ. ಅಡುಗೆಯ ಅರ್ಗಾನ್ ಸಿಕ್ಕರೆ ಕರಿಯಲು ಬಳಸಬೇಡಿ, ಘಮವೆಲ್ಲ ಹೋಗುತ್ತದೆ. ಅಮಾಝಿಗರ ಮನೆಯ ಅಮ್ಲು ಮಾಡಿ ನೋಡಿ: ಅರ್ಧ ಕೆ.ಜಿ. ಬಾದಾಮಿ ಹುರಿದು ನುಣ್ಣಗೆ ಅರೆದು, 200–250 ಮಿ.ಲೀ. ಎಣ್ಣೆಯನ್ನು ಧಾರೆಯಾಗಿ ಸೇರಿಸುತ್ತಾ ಕಲೆಸಿ, ಕೊನೆಗೆ ಎರಡು ಮೂರು ಚಮಚ ಜೇನು. ಇಟ್ಟಾಗ ಎಣ್ಣೆ ಮೇಲೆ ತೇಲಿದರೆ ಕೆಟ್ಟಿತೆಂದು ಚೆಲ್ಲಬೇಡಿ, ಕಲಕಿ ರೊಟ್ಟಿಗೆ ಹಚ್ಚಿಕೊಳ್ಳಿ.