ಕುವೈತಿನ ಬಾಕಿ ದುಡ್ಡು ಯಾರು ತಿಂದರು?

ಪ್ರಶ್ನೆ: ಸಾರ್, ನಮ್ಮ ತಂದೆ 1990ರಲ್ಲಿ ಕುವೈತಿನಲ್ಲಿ ಕೆಲಸಕ್ಕಿದ್ದರು, ಒಬ್ಬರೇ. ಇರಾಕಿನವರು ನುಗ್ಗಿದಾಗ ಕಾರು, ಮನೆ ಸಾಮಾನು ಎಲ್ಲ ಬಿಟ್ಟು ಅಮ್ಮಾನ್ ಮೂಲಕ ಊರಿಗೆ ಬಂದರು. ಒಟ್ಟು ಒಂಬತ್ತು ಲಕ್ಷ ನಷ್ಟ ಎಂದು ಅಪ್ಪ ಪಟ್ಟಿ ಬರೆದಿಟ್ಟಿದ್ದಾರೆ. ಆಮೇಲೆ ಬಂದ ಪರಿಹಾರ ಬರೀ 4,000 ಡಾಲರ್. ಬಾಕಿ ದುಡ್ಡು ದೆಹಲಿಯಲ್ಲೇ ಕೊಳೆಯುತ್ತಿದೆ, ಕಮಿಷನ್ ಕೊಟ್ಟರೆ ಬಿಡಿಸಿಕೊಡ್ತೀನಿ ಅಂತ ಒಬ್ಬರು ಮನೆಗೆ ಬರುತ್ತಿದ್ದಾರೆ. ನಂಬಬಹುದಾ? – ರಾಜಾಜಿನಗರದ ಓದುಗರೊಬ್ಬರು

ಉತ್ತರ: ನಂಬಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ದೆಹಲಿಯಲ್ಲಿ ನಿಮ್ಮ ತಂದೆಯ ಬಾಕಿ ಇಲ್ಲ, ಜಿನೀವಾದಲ್ಲೂ ಇಲ್ಲ. ಈ ಪರಿಹಾರ ಹಂಚುತ್ತಿದ್ದ ಅಲ್ಲಿನ ವಿಶ್ವಸಂಸ್ಥೆಯ ಕಚೇರಿಯೇ 2022ರಲ್ಲಿ ಲೆಕ್ಕ ಮುಗಿಸಿ ಬಾಗಿಲು ಹಾಕಿದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಊರು ಬೇರೆ, ಮೊತ್ತ ಬೇರೆ, ಕಥೆ ಮಾತ್ರ ಅದೇ. ಸರ್ಕಾರ ಮಧ್ಯದಲ್ಲಿ ತಿಂದುಹಾಕಿತು ಅಂತ. ಸರ್ಕಾರಗಳ ಪರ ವಾದಿಸುವ ಅಭ್ಯಾಸ ನನಗಿಲ್ಲ. ಆದರೆ ಮೂವತ್ತು ವರ್ಷ ಇದೇ ಬೆಂಗಳೂರಿನಲ್ಲಿ ವಿಮೆ ಸರ್ವೇಯರ್ ಆಗಿ ಬೆಂಕಿ, ನೀರು, ಕಳ್ಳತನದ ನಷ್ಟ ಅಳೆದವನು ನಾನು. ಲೆಕ್ಕ ತಪ್ಪಾಗಿ ಹೇಳಿದರೆ ಸುಮ್ನೆ ಕೂರಲು ಆಗುವುದಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ನಮ್ಮವರಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಏರ್ ಇಂಡಿಯಾ ವಿಮಾನಗಳು ಅಮ್ಮಾನ್‌ನಿಂದ ಬೊಂಬಾಯಿಗೆ ತಂದಿಳಿಸಿದವು. ಅಂಥ ನಷ್ಟಕ್ಕೆ ಮನೆಯ ವಿಮೆ ಬರುವುದಿಲ್ಲ, ಕಾರಿನ ವಿಮೆಯೂ ಬರುವುದಿಲ್ಲ. ನಿಮ್ಮ ಪಾಲಿಸಿಯ ಹಿಂದಿನ ಪುಟ ಓದಿ, ಯುದ್ಧದ ನಷ್ಟ ಹೊರತುಪಡಿಸಿದೆ ಎಂದೇ ಬರೆದಿರುತ್ತದೆ. ಹಾಗಾಗಿ ಉಳಿದ ದಾರಿ ಒಂದೇ, ಸರ್ಕಾರ ಸರ್ಕಾರವನ್ನು ಕೇಳುವುದು. 1991ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿ ತನ್ನ 687ನೇ ನಿರ್ಣಯದಲ್ಲಿ ನೇರ ನಷ್ಟಕ್ಕೆಲ್ಲ ಇರಾಕೇ ಹೊಣೆ ಎಂದಿತು. ಮೇ ತಿಂಗಳಲ್ಲಿ ಅದಕ್ಕಾಗಿಯೇ ವಿಶ್ವಸಂಸ್ಥೆಯ ಪರಿಹಾರ ಆಯೋಗ ಹುಟ್ಟಿತು. ಕಚೇರಿ ಜಿನೀವಾದಲ್ಲಿ. ದುಡ್ಡು ಇರಾಕಿನ ಎಣ್ಣೆ ಮಾರಾಟದ ಒಂದು ಪಾಲಿನಿಂದ, ಮೊದಲು ನೂರಕ್ಕೆ 30. ಅರ್ಜಿಯನ್ನು ನೀವು ನೇರವಾಗಿ ಹಾಕುವ ಹಾಗಿರಲಿಲ್ಲ. ನಿಮ್ಮ ಪರವಾಗಿ ನಿಮ್ಮ ಸರ್ಕಾರ ಕಂತೆ ಕಟ್ಟಿ ಕಳಿಸಬೇಕು. ಸರ್ಕಾರವೇ ಇಲ್ಲದ ಪ್ಯಾಲೆಸ್ಟೀನಿಯರ ಪರವಾಗಿ ವಿಶ್ವಸಂಸ್ಥೆಯ ಬೇರೆ ಸಂಸ್ಥೆಗಳೇ ಅರ್ಜಿ ಹಾಕಿದವು.

ಈಗ ಒಂಬತ್ತು ಲಕ್ಷದ ಕಥೆಗೆ ಬರೋಣ.

ನಿಮ್ಮ ಪತ್ರದಲ್ಲಿ 4,000 ಡಾಲರ್ ಎಂದು ಓದಿದ ಕೂಡಲೇ ನನಗೆ ಅರ್ಧ ವಿಷಯ ಗೊತ್ತಾಯಿತು. ಆಯೋಗ ಕ್ಲೈಮುಗಳನ್ನು ಎ ಇಂದ ಎಫ್ ತನಕ ಆರು ವರ್ಗ ಮಾಡಿತ್ತು. ಎ ಎಂದರೆ ಇರಾಕ್ ಅಥವಾ ಕುವೈತನ್ನು ಬಿಟ್ಟು ಓಡಿಬರಬೇಕಾಯಿತು, ಅಷ್ಟೇ. ಅದಕ್ಕೆ ನಿಗದಿತ ಮೊತ್ತ. ಒಬ್ಬರಿಗೆ 2,500 ಡಾಲರ್, ಒಂದು ಕುಟುಂಬಕ್ಕೆ 5,000. ಆದರೆ ಇನ್ನೊಂದು ಆಯ್ಕೆಯೂ ಇತ್ತು. ಬೇರೆ ಯಾವ ವರ್ಗದಲ್ಲೂ ಏನನ್ನೂ ಕೇಳುವುದಿಲ್ಲ ಎಂದು ಒಪ್ಪಿಕೊಂಡರೆ ಒಬ್ಬರಿಗೆ 4,000, ಕುಟುಂಬಕ್ಕೆ 8,000.

ಇನ್ನೊಮ್ಮೆ ಓದಿ. ಬೇರೆ ಏನನ್ನೂ ಕೇಳುವುದಿಲ್ಲ ಎಂದು ಒಪ್ಪಿಕೊಂಡರೆ.

ನಿಮ್ಮ ತಂದೆಗೆ ಬಂದದ್ದು ಸರಿಯಾಗಿ 4,000. ಅಂದರೆ ಅವರು ಕಾರು, ಫ್ರಿಡ್ಜು, ಸೋಫಾ ಯಾವುದನ್ನೂ ಕ್ಲೈಮ್ ಮಾಡಿರಲಿಲ್ಲ. ಮನೆಯಲ್ಲಿರುವ ಪಟ್ಟಿ ಮನೆಯಲ್ಲೇ ಉಳಿಯಿತು. ಆಗಿನ ಲೆಕ್ಕದಲ್ಲಿ ಒಂದೂವರೆ ಲಕ್ಷದ ಆಸುಪಾಸು ಬರುವ ದುಡ್ಡು ಅದು. ಬಿಲ್ಲು, ಸಾಕ್ಷಿ ಎಂದು ಒದ್ದಾಡದೆ ಕೈಗೆ ಸಿಗುವುದು. ಬಿಲ್ಲುಗಳೆಲ್ಲ ಕುವೈತಿನ ಫ್ಲಾಟಿನಲ್ಲೇ ಉಳಿದಿದ್ದ ಮನುಷ್ಯನಿಗೆ ಅದು ಕೆಟ್ಟ ನಿರ್ಧಾರ ಆಗಿರಲಿಲ್ಲ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಅನಿಸುತ್ತದೆ.

ಹಾಗಾದರೆ ಒಂಬತ್ತು ಲಕ್ಷ ಕೇಳಿದ್ದರೆ ಒಂಬತ್ತು ಲಕ್ಷ ಬರುತ್ತಿತ್ತಾ? ಇಲ್ಲಿ ನನಗೆ ಸ್ವಲ್ಪ ತಾಳ್ಮೆ ತಪ್ಪುತ್ತದೆ, ಕ್ಷಮಿಸಿ.

ಕೇಳಿದ ಮೊತ್ತಕ್ಕೂ ಆದ ನಷ್ಟಕ್ಕೂ ಸಂಬಂಧ ಇರಲೇಬೇಕು ಎಂದೇನೂ ಇಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಊರಿನ ಎಷ್ಟು ಬೇಸ್‌ಮೆಂಟುಗಳಿಗೆ ನೀರು ನುಗ್ಗಿತು, ನೆನಪಿದೆ ಅಲ್ವಾ? ಆಗ ನನ್ನ ಹಳೇ ಶಿಷ್ಯನೊಬ್ಬನ ಜೊತೆ ಒಂದು ಮನೆಗೆ ಹೋಗಿದ್ದೆ. ಎಂಟು ವರ್ಷದ ಹಳೇ ಟಿವಿ. ಯಜಮಾನರು ಹೊಸ ಟಿವಿಯ ಬೆಲೆಯನ್ನೇ ಬರೆದಿದ್ದರು. ಎಂಟು ವರ್ಷ ಧಾರಾವಾಹಿ ನೋಡಿದ್ದಕ್ಕೆ ಸವಕಳಿ ಕಳೆಯಬೇಕಲ್ಲ ಸಾರ್ ಅಂದರೆ, ನಾವು ಜಾಸ್ತಿ ನೋಡ್ತಿರಲಿಲ್ಲ ಅಂದರು! ಅವರು ಸುಳ್ಳುಗಾರರಲ್ಲ. ಕಳೆದುಕೊಂಡವರಿಗೆ ವಸ್ತು ಹೊಸದಾಗಿಯೇ ಕಾಣುತ್ತದೆ.

ಜಿನೀವಾದಲ್ಲೂ ಇದೇ ಕೆಲಸ, ಗಾತ್ರ ಮಾತ್ರ ಭಯಂಕರ. ಬಂದ ಕ್ಲೈಮುಗಳು ಸುಮಾರು 27 ಲಕ್ಷ. ಒಂದೊಂದನ್ನೂ ಒಬ್ಬ ಸರ್ವೇಯರ್ ಕೂತು ನೋಡಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಹಾಗಾಗಿ ಎ ವರ್ಗದ ಹೆಸರುಗಳನ್ನು ವಿಮಾನದ, ಗಡಿಯ ದಾಖಲೆಗಳ ಜೊತೆ ಕಂಪ್ಯೂಟರಿನಲ್ಲಿ ತಾಳೆ ನೋಡಿದರು. ಒಂದು ಲಕ್ಷ ಡಾಲರ್ ಒಳಗಿನ ನಷ್ಟಗಳಿಗೆ, ಅಂದರೆ ಸಿ ವರ್ಗಕ್ಕೆ, ಮಾದರಿ ತೆಗೆದು ಪರೀಕ್ಷಿಸಿ, ಅಂಕಿಅಂಶದ ಲೆಕ್ಕ ಹಾಕಿ ಉಳಿದವಕ್ಕೆ ಅನ್ವಯಿಸಿದರು. ಅದಕ್ಕಿಂತ ದೊಡ್ಡ ಕ್ಲೈಮುಗಳನ್ನು ಮಾತ್ರ ಮೂರು ಮೂರು ಜನ ಕಮಿಷನರ್‌ಗಳ ಸಮಿತಿಗಳು ಕಾಗದ ಬಿಡಿಸಿ ನೋಡಿದವು.

ಕಾರಿಗೆ ಏನು ಮಾಡಿದರು ಗೊತ್ತಾ? ಯುದ್ಧಕ್ಕೆ ಮುಂಚಿನ ಬೆಲೆಗಳ ಒಂದು ಪಟ್ಟಿ ಇಟ್ಟುಕೊಂಡಿದ್ದರು. ಕಂಪನಿ, ಮಾಡೆಲ್, ವರ್ಷ ನೋಡಿದರೆ ಬೆಲೆ ಸಿಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ ಇದ್ದ ಹಾಗೆ. ನಿಮ್ಮ ಸೈಟಿಗೆ ದಿನಾ ಬೆಳಗ್ಗೆ ರಂಗೋಲಿ ಹಾಕುತ್ತಿದ್ದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ರಸ್ತೆ ಯಾವುದು ಎಂದಷ್ಟೇ ಕೇಳುತ್ತಾರೆ. ಕುವೈತಿ ದಿನಾರಿನಲ್ಲಾದ ನಷ್ಟವನ್ನು ಡಾಲರಿಗೆ ತಿರುಗಿಸಲು 1990ರ ಆಗಸ್ಟ್ 1ರ ದರ ಹಿಡಿದರು, ಆಕ್ರಮಣದ ಹಿಂದಿನ ದಿನ. ಇದು ಕ್ಲೈಮುದಾರರ ಪುಣ್ಯ. ಆಕ್ರಮಣದ ನಂತರ ಕುವೈತಿ ದಿನಾರಿನ ಬೆಲೆಯನ್ನೇ ಇರಾಕ್ ಹಾಳು ಮಾಡಿತ್ತು.

ಕಂಪನಿಗಳು ಪೆಟ್ಟು ತಿಂದದ್ದು ಬೇರೆ ಕಡೆ. ಇರಾಕಿನಲ್ಲಿ ಕಟ್ಟಡ, ರಸ್ತೆ ಕಟ್ಟಿಕೊಟ್ಟು ದುಡ್ಡಿಗೆ ಕಾಯುತ್ತಿದ್ದ ಕಂಟ್ರಾಕ್ಟರುಗಳು ನಾನಾ ದೇಶಗಳಲ್ಲಿದ್ದರು. ಆದರೆ ಆಕ್ರಮಣಕ್ಕೆ ಮುಂಚಿನ ಇರಾಕಿನ ಸಾಲ ಆಯೋಗದ ಕೆಲಸ ಅಲ್ಲ ಎಂದು 687ನೇ ನಿರ್ಣಯವೇ ಹೇಳಿತ್ತು. ಸಮಿತಿಗಳು ಗೆರೆ ಎಳೆದದ್ದು 1990ರ ಮೇ 2ಕ್ಕೆ. ಅದಕ್ಕಿಂತ ಮೊದಲು ಮಾಡಿದ ಕೆಲಸದ ಬಾಕಿ ಹಳೇ ಸಾಲ, ಹೊರಗೆ. ಏಪ್ರಿಲ್‌ನಲ್ಲಿ ಹಾಕಿದ ಕಾಂಕ್ರೀಟಿಗೆ ಇಲ್ಲ, ಮೇ ತಿಂಗಳಲ್ಲಿ ಹಾಕಿದ್ದಕ್ಕೆ ಉಂಟು! ನಗು ಬರುತ್ತದೆ, ಆದರೆ ಎಲ್ಲೋ ಒಂದು ಕಡೆ ಗೆರೆ ಎಳೆಯದೆ ನಷ್ಟ ಅಳೆಯಲು ಆಗುವುದಿಲ್ಲ.

ಕೊನೆಗೆ ಎಲ್ಲ ವರ್ಗ ಸೇರಿ ಕೇಳಿದ್ದು 35,250 ಕೋಟಿ ಡಾಲರ್. ಮಂಜೂರಾದದ್ದು ಸುಮಾರು 5,240 ಕೋಟಿ. ನೂರು ಕೇಳಿದ ಕಡೆ ಹದಿನೈದು. ಉಳಿದ ಎಂಬತ್ತೈದನ್ನು ಯಾರೂ ತಿನ್ನಲಿಲ್ಲ, ಏಕೆಂದರೆ ಆ ದುಡ್ಡು ಯಾವತ್ತೂ ಇರಲೇ ಇಲ್ಲ. ಕಾಗದದ ಮೇಲೆ ಬರೆದಿದ್ದರು ಅಷ್ಟೇ. ಕಡಿತ ಜಾಸ್ತಿ ಆದದ್ದು ಕಂಪನಿ ಮತ್ತು ಸರ್ಕಾರಗಳ ಕ್ಲೈಮುಗಳಿಗೆ. ನಿಮ್ಮ ತಂದೆಯ ಎ ವರ್ಗದಲ್ಲಿ ಒಂಬತ್ತು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದು ಎಂಟೂವರೆ ಲಕ್ಷದಷ್ಟು ಪಾಸಾದವು. ಅಂಥ ಪಾಸಿಂಗ್ ಪರ್ಸೆಂಟೇಜು ನಾನು ಸರ್ವೀಸಿನಲ್ಲಿ ಕಂಡಿಲ್ಲ.

ಸರ್ಕಾರ ಏನೂ ಹಿಡಿದುಕೊಳ್ಳಲಿಲ್ಲವಾ ಎಂದು ಇಷ್ಟಾದ ಮೇಲೂ ಕೇಳುವವರಿದ್ದಾರೆ. ಎ, ಬಿ, ಸಿ ವರ್ಗಗಳಲ್ಲಿ ಖರ್ಚಿಗೆಂದು ಸರ್ಕಾರಗಳು ಹಿಡಿಯಬಹುದಾಗಿದ್ದ ಗರಿಷ್ಠ ಮೊತ್ತ ನೂರಕ್ಕೆ ಒಂದೂವರೆ. ನಾಲ್ಕು ಸಾವಿರಕ್ಕೆ ಅರವತ್ತು ಡಾಲರ್. ಇನ್ನು ವಿಳಾಸ ಸಿಗದೆ ಹಂಚಲಾಗದೆ ಉಳಿದ ದುಡ್ಡನ್ನು ದೆಹಲಿಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ಆಯೋಗಕ್ಕೆ ವಾಪಸ್ ಕಳಿಸಬೇಕಿತ್ತು. ನಿಮ್ಮ ಮನೆಗೆ ಬರುವ ಆ ಮಹಾಶಯರು ಹೇಳುವ ಗಂಟು ಇರಲು ಜಾಗವೇ ಇಲ್ಲ.

ಈ ಪುಕಾರು ಹುಟ್ಟಿದ್ದಕ್ಕೆ ಒಂದು ಕಾರಣ ನನಗೆ ಹೊಳೆಯುತ್ತದೆ. ದುಡ್ಡು ಕಂತಿನಲ್ಲಿ ಬಂತು. ಮೊದಲು 2,500, ಉಳಿದದ್ದು ತುಂಬಾ ದಿನ ಬಿಟ್ಟು. ಇರಾಕಿನ ಎಣ್ಣೆ 1996ರ ಡಿಸೆಂಬರ್ ತನಕ ಹೊರಗೆ ಹೋಗುವ ಹಾಗೇ ಇರಲಿಲ್ಲ, ಗಲ್ಲಾ ಖಾಲಿ. ಎರಡನೇ ಕಂತು ಬಂದದ್ದನ್ನು ಕಂಡವರು ಮೂರನೆಯದಕ್ಕೆ ಕಾಯಲು ಶುರು ಮಾಡಿದರು. ಇನ್ನೂ ಕಾಯುತ್ತಿದ್ದಾರೆ.

ನಿಜವಾದ ಅನ್ಯಾಯ ಬೇಕಿದ್ದರೆ ಒಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಬಡ್ಡಿ. ಬಡ್ಡಿ ಕೊಡುತ್ತೇವೆ ಎಂಬ ಮಾತು ಆಯೋಗದಲ್ಲಿ ಮೊದಲು ಇತ್ತು. ಅಸಲು ತೀರಿಸುವುದೇ ದಶಕಗಳ ಕೆಲಸ ಎಂದು ಗೊತ್ತಾದಾಗ 2005ರಲ್ಲಿ ಕೈಬಿಟ್ಟರು. ಕೊನೆಯ ಕಂತು, 62.9 ಕೋಟಿ ಡಾಲರ್, ಹೋದದ್ದು 2022ರ ಜನವರಿಯಲ್ಲಿ, ಕುವೈತಿನ ಪೆಟ್ರೋಲಿಯಂ ನಿಗಮಕ್ಕೆ. ಅದೇ ಎಲ್ಲಕ್ಕಿಂತ ದೊಡ್ಡ ಕ್ಲೈಮು, 1,470 ಕೋಟಿ. ಸಣ್ಣವರಿಗೆ ಮೊದಲು, ದೊಡ್ಡವರಿಗೆ ಆಮೇಲೆ ಎಂದು ಸಾಲು ನಿಲ್ಲಿಸಿದ್ದು ನನಗೆ ಇಷ್ಟವಾದ ವಿಷಯ. ನಮ್ಮಲ್ಲಿ ಇಂಥ ಸಾಲು ಎಲ್ಲಿ ನೋಡಿದ್ದೀರಿ, ಹೇಳಿ.

ಇನ್ನೊಂದು ಮಾತು. ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಮ್ಮ ಕ್ಲೈಮು ನಿಮ್ಮದು ಅಂದುಕೊಂಡಿದ್ದೀರಿ. ಹಳೇ ಕಾನೂನಿನ ಪ್ರಕಾರ ಅದು ಸರ್ಕಾರದ್ದು. 1924ರಲ್ಲಿ ಮಾವ್ರೊಮಾಟಿಸ್ ಎಂಬ ಗ್ರೀಕ್ ಪ್ರಜೆಯ ಕೇಸಿನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಇದನ್ನೇ ಹೇಳಿತು. ಪ್ರಜೆಯ ಪರ ದೇಶವೊಂದು ದಾವೆ ಹಿಡಿದರೆ ಅದು ತನ್ನದೇ ಹಕ್ಕನ್ನು ಕೇಳಿದ ಹಾಗೆ ಅಂತ. ತನ್ನ ಹಕ್ಕಾದರೆ ಕೇಳಬಹುದು, ಬಿಟ್ಟುಕೊಡಲೂಬಹುದು.

ಬಿಟ್ಟುಕೊಟ್ಟದ್ದೂ ಇದೆ. 1941ರ ಡಿಸೆಂಬರ್‌ನಲ್ಲಿ ಜಪಾನಿನ ಬಾಂಬು ರಂಗೂನಿನ ಮೇಲೆ ಬಿತ್ತು. ಬರ್ಮಾದಲ್ಲಿದ್ದ ಲಕ್ಷಾಂತರ ಭಾರತೀಯರು ಅಂಗಡಿ, ಮನೆ ಬಿಟ್ಟು ಹೊರಟರು, ಎಷ್ಟೋ ಜನ ಕಾಡುದಾರಿಯಲ್ಲಿ ನಡೆದೇ ಬಂದರು. ಅವರ ಪರ ಏರ್ ಇಂಡಿಯಾವೂ ಇರಲಿಲ್ಲ, ಜಿನೀವಾವೂ ಇರಲಿಲ್ಲ. 1952ರ ಜೂನ್ 9ರಂದು ಭಾರತ ಜಪಾನಿನ ಜೊತೆ ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡಿತು. ಅದರ ಆರನೇ ವಿಧಿಯಲ್ಲಿ ಯುದ್ಧ ಪರಿಹಾರವನ್ನು ಬಿಟ್ಟಿತು. ಯುದ್ಧದಲ್ಲಿ ಜಪಾನ್ ಮಾಡಿದ್ದರಿಂದ ಭಾರತೀಯ ಪ್ರಜೆಗಳಿಗೆ ಹುಟ್ಟಿದ ಕ್ಲೈಮುಗಳನ್ನೂ ಅದೇ ವಿಧಿಯಲ್ಲಿ ಬಿಟ್ಟಿತು. ದೊಡ್ಡ ಮನಸ್ಸು ಎಂದು ಹೊಗಳಿದವರಿದ್ದಾರೆ. ಹೊಗಳಲಿ, ಸ್ನೇಹ ಉಳಿಯಿತು. ರಂಗೂನಿನಲ್ಲಿ ಅಂಗಡಿ ಕಳೆದುಕೊಂಡವನನ್ನು ಕೇಳಿ ಬಿಟ್ಟರಾ ಎಂದರೆ, ಕೇಳಬೇಕಾಗಿಯೇ ಇರಲಿಲ್ಲ.

ರಾಜಾಜಿನಗರದವರೇ, ಆ ಕಮಿಷನ್ ಮನುಷ್ಯ ಮತ್ತೆ ಬಂದರೆ ಕೂರಿಸಿ, ಕಾಫಿ ಕೊಡಿ. ಅಪ್ಪನ ಅರ್ಜಿ ಯಾವ ವರ್ಗದ್ದು, ಎರಡರಲ್ಲಿ ಯಾವ ಮೊತ್ತ ಆರಿಸಿದ್ದರು ಎಂದು ಕೇಳಿ. ಅವರು ಏನು ಹೇಳುತ್ತಾರೆ ಎಂದು ನನಗೂ ಒಂದು ಸಾಲು ಬರೆಯಿರಿ. ಹಾಗೇ ಅಪ್ಪನ ಪಟ್ಟಿಯ ಫೋಟೋ ಇದ್ದರೆ ಕಳಿಸಿ. ಕಾರು ಯಾವ ಮಾಡೆಲ್ ಎಂದು ನೋಡುವ ಚಪಲ ಇನ್ನೂ ಹೋಗಿಲ್ಲ.