ಬೋರಲು ಮಲಗಿದ ರೋಗಿ ಮತ್ತು ಮಗುವಿನಷ್ಟು ಶ್ವಾಸಕೋಶ

ವೆಂಟಿಲೇಟರ್ ಮೇಲಿರುವ ರೋಗಿಯನ್ನು ಬೋರಲು ಮಲಗಿಸಿರುವುದನ್ನು ಮೊದಲ ಸಲ ಕಂಡ ಮನೆಯವರು ಗಾಬರಿಗೊಳ್ಳುವುದು ಸಹಜ. "ಮೊದಲೇ ಉಸಿರಾಡೋಕೆ ಆಗ್ತಿಲ್ಲ, ಮಕಾಡೆ ಮಲಗಿಸಿದ್ರೆ ಹೇಗೆ ಡಾಕ್ಟ್ರೇ?" ಎಂಬ ಪ್ರಶ್ನೆಗೆ ನಾನು ಐಸಿಯು ಬಾಗಿಲಲ್ಲಿ ನಿಂತು ಅನೇಕ ಸಲ ಉತ್ತರಿಸಿದ್ದೇನೆ. ಆ ಉತ್ತರದ ಬಹುಪಾಲು ಇಟಲಿಯ ತೀವ್ರ ನಿಗಾ ತಜ್ಞ ಲುಚಿಯಾನೋ ಗಟ್ಟಿನೋನಿ ಅವರ ಜೀವಮಾನದ ಸಂಶೋಧನೆಗೆ ಸೇರಿದ್ದು.

ನ್ಯುಮೋನಿಯಾ ಇರಲಿ, ಎಚ್‌1ಎನ್‌1 ಇರಲಿ, ನಮ್ಮ ಕರಾವಳಿಯ ಮಳೆಗಾಲದ ಇಲಿಜ್ವರವೇ ಇರಲಿ, ಶ್ವಾಸಕೋಶದ ಗಾಳಿಚೀಲಗಳಲ್ಲಿ ನೀರು ತುಂಬಿ ರಕ್ತಕ್ಕೆ ಆಮ್ಲಜನಕ ಸೇರದಂತಾಗುವ ಸ್ಥಿತಿಯನ್ನು ನಾವು ಎಆರ್‌ಡಿಎಸ್ ಎನ್ನುತ್ತೇವೆ. 1967ರಲ್ಲಿ 12 ರೋಗಿಗಳ ವಿವರದೊಂದಿಗೆ ಇದು ಮೊದಲ ಬಾರಿ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಯಿತು. ಎಕ್ಸ್‌-ರೇಯಲ್ಲಿ ಎರಡೂ ಬದಿ ಬೆಳ್ಳಗೆ ಕಾಣುತ್ತಿದ್ದುದರಿಂದ, ಇಡೀ ಶ್ವಾಸಕೋಶವೇ ಬಿರುಸಾಗಿದೆ, ಅದನ್ನು ಹಿಗ್ಗಿಸಲು ಹೆಚ್ಚು ಗಾಳಿ ತುಂಬಬೇಕು ಎಂದೇ ಆಗಿನ ವೈದ್ಯರು ಭಾವಿಸಿದ್ದರು.

1980ರ ದಶಕದಲ್ಲಿ ಗಟ್ಟಿನೋನಿ ಮತ್ತು ಅವರ ಸಂಗಡಿಗರು ಇಂತಹ ರೋಗಿಗಳ ಸಿಟಿ ಸ್ಕ್ಯಾನ್ ಮಾಡಿಸಿ ನೋಡಿದಾಗ ಚಿತ್ರವೇ ಬೇರೆಯಾಗಿತ್ತು. ಅಂಗಾತ ಮಲಗಿದ ರೋಗಿಯ ಬೆನ್ನಿನ ಕಡೆಯ ಭಾಗ ಗಾಳಿಯಿಲ್ಲದೆ ಮುದುಡಿತ್ತು. ಎದೆಯ ಕಡೆಯ ಸ್ವಲ್ಪ ಭಾಗ ಮಾತ್ರ ಹೆಚ್ಚುಕಡಿಮೆ ಸಹಜವಾಗಿಯೇ ಇತ್ತು. ಕಾಯಿಲೆ ತೀವ್ರವಾಗಿದ್ದವರಲ್ಲಿ ಉಸಿರಾಟಕ್ಕೆ ಒದಗುವ ಈ ಭಾಗ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟೇ ಇತ್ತು. ಅಂದರೆ ಶ್ವಾಸಕೋಶ ಬಿರುಸಾಗಿರಲಿಲ್ಲ, ಚಿಕ್ಕದಾಗಿತ್ತು. ವಯಸ್ಕರ ಅಳತೆಯ ಗಾಳಿಯನ್ನು ಆ ಚಿಕ್ಕ ಭಾಗಕ್ಕೆ ತುಂಬಿದರೆ ಉಳಿದಿರುವ ಒಳ್ಳೆಯ ಅಂಗಾಂಶವೂ ಅತಿಯಾಗಿ ಹಿಗ್ಗಿ ಹಾಳಾಗುತ್ತದೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಹೆಚ್ಚು ಜೀವ ಉಳಿಸಿದ ಅಳತೆ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ.

ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದು 2000ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಎತ್ತಿಹಿಡಿಯಿತು. ಎತ್ತರದಿಂದ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಗಾಳಿ ಪಡೆದವರಲ್ಲಿ ಶೇ 39.8ರಷ್ಟು ಮಂದಿ ತೀರಿಕೊಂಡರೆ, 6 ಮಿಲಿಲೀಟರ್ ಪಡೆದವರಲ್ಲಿ ಶೇ 31 ಮಂದಿ ತೀರಿಕೊಂಡರು. 170 ಸೆಂಟಿಮೀಟರ್ ಎತ್ತರದ ಗಂಡಸಿಗೆ ಈ 6 ಮಿಲಿಲೀಟರ್ ಲೆಕ್ಕವೆಂದರೆ ಒಂದು ಉಸಿರಿಗೆ ಸುಮಾರು 400 ಮಿಲಿಲೀಟರ್. ಗಮನಿಸಬೇಕಾದ ಸಂಗತಿಯೆಂದರೆ, ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕ ಚೆನ್ನಾಗಿದ್ದುದು ಹೆಚ್ಚು ಗಾಳಿ ಪಡೆದ ಗುಂಪಿನಲ್ಲಿಯೇ. ಸ್ಯಾಚುರೇಷನ್ ಅಂಕಿಯೊಂದನ್ನೇ ನೋಡುತ್ತಾ ಕೂರಬೇಡಿರೆಂದು ನಾನು ಕಿರಿಯ ವೈದ್ಯರಿಗೂ ಮನೆಯವರಿಗೂ ಹೇಳುವುದು ಇದೇ ಕಾರಣಕ್ಕೆ.

ಬೋರಲು ಮಲಗಿಸುವ ವಿಷಯದಲ್ಲಿ ಗಟ್ಟಿನೋನಿ ತಮ್ಮದೇ ಊಹೆಯನ್ನು ಕೈಬಿಡಬೇಕಾಯಿತು. ಎದೆಯ ಕಡೆಯ ಒಳ್ಳೆಯ ಭಾಗ ಕೆಳಗಾದರೆ ಅದಕ್ಕೆ ಹೆಚ್ಚು ರಕ್ತ ಹರಿಯುತ್ತದೆ ಎಂಬುದು ಆರಂಭದ ಎಣಿಕೆಯಾಗಿತ್ತು. ಆದರೆ ಬೋರಲು ಮಲಗಿಸಿ ಸಿಟಿ ಮಾಡಿದಾಗ ಬೆನ್ನಿನ ಕಡೆ ತೆರೆದುಕೊಂಡಿತ್ತು, ಎದೆಯ ಕಡೆ ಮುದುಡಿತ್ತು. ಶ್ವಾಸಕೋಶ ನೀರು ಹೀರಿದ ಸ್ಪಂಜಿನಂತೆ ತನ್ನ ಭಾರದಿಂದಲೇ ಕೆಳಭಾಗದ ಗಾಳಿಯನ್ನು ಹಿಂಡುತ್ತದೆ ಎಂಬ ವಿವರಣೆ ಹುಟ್ಟಿದ್ದು ಇಲ್ಲಿಂದ. ಬೆನ್ನಿನ ಕಡೆ ಶ್ವಾಸಕೋಶದ ಪಾಲು ದೊಡ್ಡದು. ಬೋರಲಾದಾಗ ಹೃದಯದ ಭಾರವೂ ಎದೆಮೂಳೆಯ ಮೇಲೆ ಬೀಳುತ್ತದೆ. ಹೀಗಾಗಿ ಗಾಳಿ ಎಲ್ಲೆಡೆ ಸಮನಾಗಿ ಹಂಚಿಕೆಯಾಗಿ ಹಿಗ್ಗುವ ಪೆಟ್ಟು ಕಡಿಮೆಯಾಗುತ್ತದೆ.

2001ರಲ್ಲಿ ಅವರು 304 ರೋಗಿಗಳ ಪ್ರಯೋಗವನ್ನು ಪ್ರಕಟಿಸಿದರು. ದಿನಕ್ಕೆ ಕನಿಷ್ಠ ಆರು ಗಂಟೆಯಂತೆ ಹತ್ತು ದಿನ ಬೋರಲು ಮಲಗಿಸಿದ್ದರಿಂದ ಆಮ್ಲಜನಕ ಏರಿತು, ಸಾವು ಇಳಿಯಲಿಲ್ಲ. ತಾವೇ ಬೆಳೆಸಿದ ವಿಚಾರಕ್ಕೆ ವಿರುದ್ಧವಾದ ಫಲಿತಾಂಶವನ್ನು ಇದ್ದ ಹಾಗೆ ಮುಂದಿಟ್ಟ ಆ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಕಾಯಿಲೆ ಅತಿ ತೀವ್ರವಾಗಿದ್ದವರಿಗೆ ಉಪಯೋಗವಾಗಿರಬಹುದೆಂಬ ಸುಳಿವು ಅದರಲ್ಲಿತ್ತು. 2013ರಲ್ಲಿ ಪ್ರಕಟವಾದ, ಫ್ರಾನ್ಸ್‌ನ ಕ್ಲೋದ್ ಗೆರಾನ್ ನೇತೃತ್ವದ ಪ್ರಯೋಗದಲ್ಲಿ ಅಂಥವರನ್ನೇ ಆಯ್ದು, ಕಡಿಮೆ ಗಾಳಿ ಕೊಟ್ಟು, ಒಮ್ಮೆಗೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದಾಗ 28 ದಿನಗಳೊಳಗಿನ ಸಾವು ಶೇ 32.8ರಿಂದ ಶೇ 16ಕ್ಕೆ ಇಳಿಯಿತು.

ಹೊರಳಿಸುವ ಕೆಲಸಕ್ಕೆ ನಮ್ಮಲ್ಲಿ ಐದಾರು ಮಂದಿ ಬೇಕು. ಬಾಯಿಯ ಟ್ಯೂಬ್ ಹಿಡಿದು ತಲೆಯ ಬಳಿ ನಿಂತವರೇ ಎಣಿಸುತ್ತಾರೆ. ಅವರು ಮೂರು ಎನ್ನುವವರೆಗೆ ಯಾರೂ ಕೈ ಆಡಿಸುವುದಿಲ್ಲ. ಅದಕ್ಕೂ ಮೊದಲು ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿರುತ್ತೇವೆ. ಹೊರಳಿಸಿದ ಮೇಲೆ ಎದೆ, ಸೊಂಟಗಳ ಕೆಳಗಿನ ದಿಂಬುಗಳನ್ನು ಸರಿಪಡಿಸಿ, ಇಸಿಜಿ ಪ್ಯಾಚ್‌ಗಳನ್ನು ಬೆನ್ನಿಗೆ ಅಂಟಿಸುತ್ತೇವೆ. ಮರುದಿನ ಅಂಗಾತ ತಿರುಗಿಸಿದಾಗ ಮುಖ ಗುರುತು ಸಿಗದಷ್ಟು ಊದಿಕೊಂಡಿರುತ್ತದೆ, ಕೆನ್ನೆ ಮತ್ತು ಗಲ್ಲದ ಮೇಲೆ ಒತ್ತಿದ ಕಲೆಗಳಿರಬಹುದು. ಆ ಊತ ಇಳಿಯುವಂಥದ್ದೆಂದು ಮನೆಯವರಿಗೆ ಹಿಂದಿನ ದಿನವೇ ತಿಳಿಸಿ, ಆಮೇಲೆ ಅವರನ್ನು ಒಳಗೆ ಕರೆಯುತ್ತೇನೆ.